ಇಳಿಯದ ಜ್ವರ

ಜ್ವರ ಬಂದ ಮನೆಯಲ್ಲಿ ಎಲ್ಲರೂ ಕಾಯುವುದು ಒಂದೇ ಸುದ್ದಿಗಾಗಿ: ಇಳಿಯಿತೆ? ಹಣೆಯ ಮೇಲೆ ಅಂಗೈಯಿಟ್ಟು ನೋಡುವ ಅಜ್ಜಿ ಕೇಳುವುದೂ ಅದನ್ನೇ. ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಓದುವ ತಂದೆ ಕೇಳುವುದೂ ಅದನ್ನೇ. ವೈದ್ಯರು ಬಂದರು, ಔಷಧಿ ಕೊಟ್ಟರು. ಎರಡು ದಿನ ಕಳೆಯಿತು, ಮೂರು ದಿನ ಕಳೆಯಿತು. ಮಾತ್ರೆಯ ಪೊಟ್ಟಣ ಬರಿದಾಗುತ್ತ ಬಂದರೂ ಜ್ವರ ಜಗ್ಗಲಿಲ್ಲ. ಆಗ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಔಷಧಿ ನಾಟುತ್ತಿಲ್ಲವೆ?

ಔಷಧಿ ನಾಟದಿರುವುದು ಹಳೆಯ ಮಾತು. ಆದರೆ ಆಂಟಿಬಯಾಟಿಕ್ ಎಂದು ನಾವೆಲ್ಲ ಕರೆಯುವ ಔಷಧಿಗಳಿಗೆ ರೋಗಾಣುಗಳೇ ಬಗ್ಗದೆ ನಿಲ್ಲುವುದು ಹೊಸ ಕಾಲದ ಮಾತು. ವೃತ್ತಪತ್ರಿಕೆಗಳಲ್ಲಿ ಈ ವಿಷಯವನ್ನು ಓದಿದವರು ಸಹಜವಾಗಿ ಕೇಳುತ್ತಾರೆ: ‘ಇಂಥ ರೋಗಾಣು ತಗುಲಿದರೆ ಅದರ ಲಕ್ಷಣಗಳೇನು? ನಾವು ಅದನ್ನು ಗುರುತಿಸುವುದು ಹೇಗೆ?’ ಕೇಳಬೇಕಾದ ಪ್ರಶ್ನೆಯೇ ಸರಿ. ಉತ್ತರ ಮಾತ್ರ ಸ್ವಲ್ಪ ನಿರಾಶೆಯನ್ನು ತರುವಂಥದು. ಔಷಧಕ್ಕೆ ಬಗ್ಗದ ರೋಗಾಣುವಿಗೆ ಬೇರೆ ಮುಖವಿಲ್ಲ. ಬಗ್ಗುವ ರೋಗಾಣು ತರುವ ಜ್ವರವನ್ನೇ ಅದೂ ತರುತ್ತದೆ. ಅದೇ ತಲೆನೋವು, ಅದೇ ಬಳಲಿಕೆ. ವ್ಯತ್ಯಾಸ ಕಾಣುವುದು ಲಕ್ಷಣಗಳಲ್ಲಲ್ಲ, ದಿನಗಳ ಲೆಕ್ಕದಲ್ಲಿ. ಇಳಿಯಬೇಕಾದ ದಿನ ಇಳಿಯದಿರುವುದು: ಇಷ್ಟೇ ಅದರ ಗುರುತು.

ಇಷ್ಟು ಸಣ್ಣ ಗುರುತನ್ನು ಓದಲು ವೈದ್ಯಲೋಕಕ್ಕೆ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ನಮ್ಮೆಲ್ಲರಿಗೂ ಹೆಸರಿನಿಂದ ಪರಿಚಯವಿರುವ ಒಂದು ಜ್ವರದ ಮೂಲಕ ಹೇಳಬಹುದು. ಅದು ಟೈಫಾಯಿಡ್, ನಮ್ಮ ಹಿರಿಯರು ವಿಷಮಶೀತ ಜ್ವರ ಎಂದದ್ದು.

ಇಳಿಯಬೇಕಾದ ದಿನ ಯಾವುದೆಂದು ತಿಳಿಯಬೇಕಾದರೆ, ಜ್ವರ ತನ್ನ ಪಾಡಿಗೆ ತಾನು ಬಿಟ್ಟರೆ ಹೇಗೆ ನಡೆಯುತ್ತದೆಂಬುದು ಮೊದಲು ತಿಳಿದಿರಬೇಕಷ್ಟೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದೂ ಸ್ಪಷ್ಟವಿರಲಿಲ್ಲ. ಯೂರೋಪಿನ ಆಸ್ಪತ್ರೆಗಳಲ್ಲಿ ಹಲವು ಬಗೆಯ ಜ್ವರಗಳು ಒಂದೇ ಹೆಸರಿನ ಕೆಳಗೆ ಸೇರಿಹೋಗಿದ್ದವು. 1829ರಲ್ಲಿ ಪ್ಯಾರಿಸಿನ ಪಿಯರ್ ಲೂಯಿ ಎಂಬ ವೈದ್ಯರು ಕರುಳಿನಲ್ಲಿ ಹುಣ್ಣುಗಳನ್ನು ಉಂಟುಮಾಡುವ ಒಂದು ಜ್ವರವನ್ನು ಬೇರೆಯಾಗಿ ವರ್ಣಿಸಿ, ಅದಕ್ಕೆ ಟೈಫಾಯಿಡ್ ಎಂಬ ಹೆಸರನ್ನು ಬಳಕೆಗೆ ತಂದರು. ಹೊಗೆ, ಮಬ್ಬು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು. ರೋಗಿಗೆ ಕವಿಯುವ ಮಂಪರನ್ನು ನೋಡಿದವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆಂಬುದು ತಿಳಿದೀತು. ಮುಂದೆ 1850ರ ಸುಮಾರಿಗೆ ಲಂಡನ್ನಿನ ವಿಲಿಯಂ ಜೆನ್ನರ್, ಟೈಫಸ್ ಮತ್ತು ಟೈಫಾಯಿಡ್ ಎರಡು ಬೇರೆ ರೋಗಗಳೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿದರು. ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್ ಇವರಲ್ಲ, ಇವರು ಬೇರೊಬ್ಬರು.

ಜ್ವರವನ್ನು ಅಂಕಿಗಳಲ್ಲಿ ಬರೆದಿಡುವ ಪದ್ಧತಿಗೆ ನೆಲೆ ಒದಗಿಸಿದವರು ಜರ್ಮನಿಯ ಲೈಪ್‌ಜಿಗ್ ನಗರದ ಕಾರ್ಲ್ ವುಂಡರ್‌ಲಿಖ್. ಸಾವಿರಾರು ರೋಗಿಗಳ ಮೈಶಾಖವನ್ನು ವರ್ಷಗಳ ಕಾಲ ಅಳೆಸಿ, 1868ರಲ್ಲಿ ಅವರು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಜ್ವರವೆಂಬುದು ತಾನೇ ಒಂದು ರೋಗವಲ್ಲ, ರೋಗದ ಒಂದು ಲಕ್ಷಣ. ಒಂದೊಂದು ರೋಗದಲ್ಲಿ ಅದು ಏರಿಳಿಯುವ ಗೆರೆ ಒಂದೊಂದು ಬಗೆ ಎಂಬುದು ಅವರ ಸಾಧನೆಯ ಸಾರ. ಆ ಕಾಲದ ಥರ್ಮಾಮೀಟರು ಸುಮಾರು ಒಂದಡಿ ಉದ್ದವಿದ್ದು, ಒಂದು ಸಲ ಓದಲು ಇಪ್ಪತ್ತು ನಿಮಿಷದಷ್ಟು ಕಾಯಬೇಕಾಗಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಆರಂಗುಲದ ಚಿಕ್ಕ ಥರ್ಮಾಮೀಟರನ್ನು ರೂಪಿಸಿದ ಮೇಲೆ ಅದು ವೈದ್ಯರ ಜೇಬಿಗೂ, ಕ್ರಮೇಣ ಗೃಹಸ್ಥರ ಬೀರುವಿಗೂ ಬಂದಿತು.

ಹೀಗೆ ಬರೆದ ಗೆರೆಗಳಲ್ಲಿ ಟೈಫಾಯಿಡಿನ ನಡೆ ನಿಚ್ಚಳವಾಗಿ ಕಂಡಿತು. ಮೊದಲ ವಾರ ಜ್ವರ ಮೆಟ್ಟಿಲು ಹತ್ತಿದಂತೆ ಏರುತ್ತದೆ; ಸಂಜೆ ಏರಿದ್ದು ಬೆಳಿಗ್ಗೆ ತುಸು ಇಳಿದು, ಮರುಸಂಜೆ ಹಿಂದಿನ ಸಂಜೆಗಿಂತ ಮೇಲೆ ಹೋಗುತ್ತದೆ. ತಲೆನೋವು, ಅರುಚಿ, ಒಣಕೆಮ್ಮು, ನಾಲಿಗೆಯ ಮೇಲೆ ಬಿಳಿಯ ಲೇಪ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ಎರಡನೆಯ ವಾರ ಜ್ವರ 103, 104 ಡಿಗ್ರಿಯಲ್ಲಿ ನೆಲೆಸಿಬಿಡುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಗುಲ್ಮ ಊದಿಕೊಳ್ಳುತ್ತದೆ, ಮಂಪರು ಕವಿಯುತ್ತದೆ. ಮೂರನೆಯ ವಾರವೇ ಗಂಡಾಂತರದ್ದು. ಕರುಳಿನ ಹುಣ್ಣಿನಿಂದ ರಕ್ತ ಸುರಿಯಬಹುದು. ಕರುಳೇ ತೂತು ಬೀಳಬಹುದು. ಅದನ್ನು ದಾಟಿದವರಿಗೆ ನಾಲ್ಕನೆಯ ವಾರ ಜ್ವರ ನಿಧಾನವಾಗಿ ಇಳಿಯುತ್ತದೆ. ನಮ್ಮ ಮನೆಗಳ ‘ಇಪ್ಪತ್ತೊಂದು ದಿನದ ಜ್ವರ’ ಎಂಬ ಮಾತಿನ ಹಿಂದೆ ಇರುವ ಅನುಭವವೂ ಇದೇ. ಗಂಜಿ, ಒದ್ದೆ ಬಟ್ಟೆಯ ಪಟ್ಟಿ, ರಾತ್ರಿಯೆಲ್ಲ ಎಚ್ಚರ, ದೇವರಿಗೆ ಹರಕೆ. ಅದಕ್ಕಿಂತ ಹೆಚ್ಚಿನದೇನನ್ನೂ ಯಾರೂ ಮಾಡಲಾಗುತ್ತಿರಲಿಲ್ಲ. ಹತ್ತು ಮಂದಿಗೆ ಒಬ್ಬರು, ಕೆಲವೆಡೆ ಇಬ್ಬರು, ಪ್ರಾಣ ಬಿಡುತ್ತಿದ್ದರು.

ರೋಗದ ನಡೆ ತಿಳಿಯಿತು; ಕಾರಣ ಯಾವುದು? 1880ರಲ್ಲಿ ಕಾರ್ಲ್ ಎಬರ್ಟ್ ಈ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1884ರಲ್ಲಿ ಜಾರ್ಜ್ ಗಾಫ್ಕಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 1896ರಲ್ಲಿ ಪ್ಯಾರಿಸಿನ ಫರ್ನಾಂಡ್ ವಿಡಾಲ್, ರೋಗಿಯ ರಕ್ತದ್ರವವನ್ನು ಈ ರೋಗಾಣುಗಳೊಂದಿಗೆ ಬೆರೆಸಿದರೆ ಅವು ಗುಂಪುಗೂಡುತ್ತವೆ ಎಂಬುದನ್ನು ರೋಗನಿರ್ಣಯಕ್ಕೆ ಬಳಸಿದರು. ನಮ್ಮ ಊರುಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ‘ವೈಡಲ್ ಟೆಸ್ಟ್’ ಎಂದು ಚೀಟಿ ಬರೆದುಕೊಡುವುದು ಅವರ ಹೆಸರಿನ ಪರೀಕ್ಷೆಗೇ. ಇಲ್ಲಿ ಒಂದು ಮಾತನ್ನು ನೆನಪಿಡುವುದು ಒಳ್ಳೆಯದು. ಆ ಪರೀಕ್ಷೆ ನೋಡುವುದು ರೋಗಿಯ ದೇಹ ಕೊಟ್ಟ ಉತ್ತರವನ್ನು, ರೋಗಾಣುವನ್ನಲ್ಲ. ಹಿಂದೆ ಎಂದೋ ಬಂದುಹೋದ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಅದು ‘ಇದೆ’ ಎಂದು ಹೇಳಬಹುದು. ಯಾವ ಔಷಧಿ ನಾಟೀತು, ಯಾವುದು ನಾಟದು ಎಂಬುದನ್ನಂತೂ ಅದು ಹೇಳಲಾರದು.

ಔಷಧಿ ಸಿಕ್ಕಿದ ಕಥೆ ಆಕಸ್ಮಿಕಗಳಿಂದ ಕೂಡಿದ್ದು. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ, ಕರಾಕಸ್ ನಗರದ ಬಳಿಯ ಹೊಲವೊಂದರ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ 1947ರಲ್ಲಿ ಒಂದು ಹೊಸ ದ್ರವ್ಯವನ್ನು ಬೇರ್ಪಡಿಸಿದರು. ಅದೇ ಕ್ಲೋರಾಂಫೆನಿಕಾಲ್, ಔಷಧಿ ಅಂಗಡಿಗಳಲ್ಲಿ ಕ್ಲೋರೋಮೈಸೆಟಿನ್ ಎಂದು ಹೆಸರಾದದ್ದು. ಮರುವರ್ಷ ಅಮೆರಿಕದ ವೈದ್ಯರ ತಂಡವೊಂದು ಅದನ್ನು ಮಲಯಾದ ಕ್ವಾಲಾಲಂಪುರಕ್ಕೆ ಒಯ್ದಿತು. ಅವರ ಉದ್ದೇಶ ಟೈಫಾಯಿಡ್ ಅಲ್ಲ. ನುಸಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರ. ಆದರೆ ಸ್ಕ್ರಬ್ ಟೈಫಸ್ ಎಂದೇ ಎಣಿಸಿ ಔಷಧಿ ಕೊಟ್ಟ ಕಡೆ ಇದ್ದದ್ದು ಟೈಫಾಯಿಡ್ ಎಂದು ತರುವಾಯ ತಿಳಿಯಿತು. ಆ ಜ್ವರವೂ ಇಳಿದಿತ್ತು! ಒಂದು ತಪ್ಪು ನಿದಾನ ಹೀಗೆ ಜಗತ್ತಿಗೆ ಒಂದು ವರವಾಯಿತು. ಥಿಯೊಡೋರ್ ವುಡ್‌ವರ್ಡ್ ಮತ್ತು ಅವರ ಸಂಗಡಿಗರು ಕೂಡಲೆ ಹತ್ತು ಮಂದಿ ಟೈಫಾಯಿಡ್ ರೋಗಿಗಳಿಗೆ ಔಷಧಿ ಕೊಟ್ಟು, 1948ರಲ್ಲೇ ಫಲವನ್ನು ಪ್ರಕಟಿಸಿದರು. ನಾಲ್ಕು ವಾರ ಕಾಡುತ್ತಿದ್ದ ಜ್ವರ ಮೂರು-ನಾಲ್ಕು ದಿನಗಳಲ್ಲಿ ಇಳಿದಿತ್ತು.

ಈಗ ವೈದ್ಯರ ಕೈಗೆ ಎರಡು ಗೆರೆಗಳು ಬಂದಂತಾಯಿತು: ಔಷಧಿಯಿಲ್ಲದೆ ಜ್ವರ ನಡೆಯುವ ಗೆರೆ ಒಂದು, ಔಷಧಿ ಕೊಟ್ಟಾಗ ಇಳಿಯುವ ಗೆರೆ ಇನ್ನೊಂದು. ಈ ಎರಡನೆಯ ಗೆರೆ ಇದ್ದುದರಿಂದಲೇ ಮುಂದೆ ಒಂದು ದಿನ, ‘ಏನೋ ಸರಿಯಿಲ್ಲ’ ಎಂದು ಅವರಿಗೆ ಹೊಳೆಯುವಂತಾದದ್ದು.

ಔಷಧಿಗೂ ದೋಷಗಳಿದ್ದವು. ಅಪರೂಪವಾಗಿ ಕೆಲವರಲ್ಲಿ ಅದು ಎಲುಬಿನ ಮಜ್ಜೆಯಲ್ಲಿ ರಕ್ತ ಹುಟ್ಟುವುದನ್ನೇ ನಿಲ್ಲಿಸಿ ಪ್ರಾಣಕ್ಕೆ ಎರವಾಗುತ್ತಿತ್ತು. ಗುಣವಾದ ಕೆಲವರಲ್ಲಿ ಎರಡು ಮೂರು ವಾರಗಳ ಮೇಲೆ ಜ್ವರ ಮರುಕಳಿಸುತ್ತಿತ್ತು. ಮರುಕಳಿಸಿದ ಜ್ವರವೆಲ್ಲ ಔಷಧಕ್ಕೆ ಬಗ್ಗದ ಜ್ವರವಲ್ಲ. ಅದೇ ಔಷಧಿಯನ್ನು ಮತ್ತೆ ಕೊಟ್ಟರೆ ಸಾಮಾನ್ಯವಾಗಿ ಅದು ಮತ್ತೆ ಇಳಿಯುತ್ತಿತ್ತು. ಹೀಗಿದ್ದರೂ ಎರಡು ದಶಕಗಳಿಗೂ ಹೆಚ್ಚು ಕಾಲ ಟೈಫಾಯಿಡಿಗೆ ಕ್ಲೋರಾಂಫೆನಿಕಾಲ್ ಎಂಬುದು ವೈದ್ಯರ ಬಾಯಲ್ಲಿ ಒಂದೇ ಉಸಿರಿನ ಮಾತಾಗಿತ್ತು.

ಈ ನಡುವೆ ಜಪಾನಿನಲ್ಲಿ ಬೇರೊಂದು ಸಂಗತಿ ನಡೆಯುತ್ತಿತ್ತು. ಯುದ್ಧಾನಂತರ ಅಲ್ಲಿ ರಕ್ತಭೇದಿಗೆ ಸಲ್ಫಾ ಔಷಧಿಗಳನ್ನು, ಅವು ಸೋತ ಮೇಲೆ ಆಂಟಿಬಯಾಟಿಕ್‌ಗಳನ್ನು ಧಾರಾಳವಾಗಿ ಬಳಸಿದ್ದರು. 1955ರಲ್ಲಿ ಹಾಂಗ್‌ಕಾಂಗ್‌ನಿಂದ ಹಿಂತಿರುಗಿದ ಮಹಿಳೆಯೊಬ್ಬರ ಭೇದಿ ಏನು ಮಾಡಿದರೂ ನಿಲ್ಲಲಿಲ್ಲ. ಪರೀಕ್ಷಿಸಿದಾಗ ಆ ರೋಗಾಣು ಒಂದಲ್ಲ, ನಾಲ್ಕು ಔಷಧಿಗಳಿಗೆ ಒಟ್ಟಿಗೇ ಬಗ್ಗದಂಥದೆಂದು ಕಂಡುಬಂದಿತು: ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್. ನಾಲ್ಕು ಬಗೆಯ ಪ್ರತಿರೋಧ ಏಕಕಾಲಕ್ಕೆ ಹುಟ್ಟುವುದು ಅಸಂಭವ. ಹಾಗಾದರೆ ಅದು ಬಂದದ್ದೆಲ್ಲಿಂದ?

1959ರಲ್ಲಿ ಒಚಿಯಾಯಿ ಮತ್ತು ಅಕಿಬಾ ಎಂಬ ಜಪಾನೀ ವಿಜ್ಞಾನಿಗಳ ಪ್ರತ್ಯೇಕ ಪ್ರಯೋಗಗಳಿಂದ ಉತ್ತರ ಸಿಕ್ಕಿತು. ಪ್ರತಿರೋಧವನ್ನು ಒಂದು ರೋಗಾಣು ಇನ್ನೊಂದಕ್ಕೆ ಕೊಡಬಲ್ಲುದು! ನಮ್ಮ ಕರುಳಿನಲ್ಲಿ ಯಾವ ಕೇಡನ್ನೂ ಮಾಡದೆ ವಾಸಿಸುವ ಸೂಕ್ಷ್ಮಜೀವಿ ಕೂಡ, ಪಕ್ಕಕ್ಕೆ ಬಂದ ರೋಗಾಣುವಿಗೆ ಈ ಗುಣವನ್ನು ದಾಟಿಸಬಲ್ಲುದು. ಪರೀಕ್ಷೆಯ ಕೋಣೆಯಲ್ಲಿ ಉತ್ತರ ಬರೆದ ಚೀಟಿ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ. ಬರೆದವನು ಒಬ್ಬ; ಪಾಸಾಗುವವರು ಹಲವರು. ಆ ಚೀಟಿಗೆ ವಿಜ್ಞಾನಿಗಳು ಇಟ್ಟ ಹೆಸರು ಪ್ಲಾಸ್ಮಿಡ್. ಟೋಕಿಯೋದ ತ್ಸುತೊಮು ವತನಾಬೆ ಈ ಸಂಶೋಧನೆಗಳನ್ನು 1963ರಲ್ಲಿ ಇಂಗ್ಲಿಷಿನಲ್ಲಿ ಸಂಗ್ರಹಿಸಿ ಬರೆದ ಮೇಲೆ ಹೊರಜಗತ್ತು ಅದನ್ನು ಗಮನಿಸಿತು.

ಗಮನಿಸಿತು ನಿಜ, ಆದರೆ ಹಾಸಿಗೆಯ ಬಳಿ ನಿಂತ ವೈದ್ಯರಿಗೆ ಅದನ್ನು ಗುರುತಿಸುವುದು ಸುಲಭವಾಗಲಿಲ್ಲ. 1969ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಘೋರವಾದ ರಕ್ತಭೇದಿ ಹಬ್ಬಿತು. ಕೊಟ್ಟ ಔಷಧಿಗಳು ನಾಟದಿದ್ದಾಗ, ಇದು ರೋಗಾಣುವಿನ ಭೇದಿಯಲ್ಲ, ಅಮೀಬಾದಿಂದ ಬಂದದ್ದು ಎಂದು ಮೊದಲಿಗೆ ಭಾವಿಸಿದರು. ನಿಜದಲ್ಲಿ ಅದು ಹಲವು ಔಷಧಿಗಳಿಗೆ ಬಗ್ಗದ ಶಿಗೆಲ್ಲಾ ರೋಗಾಣು. ಆ ಒಂದೇ ವರ್ಷ ಆ ಚಿಕ್ಕ ದೇಶದಲ್ಲಿ ಸುಮಾರು 12,500 ಮಂದಿ ಸತ್ತರು. ಕ್ವಾಲಾಲಂಪುರದಲ್ಲಿ ತಪ್ಪು ನಿದಾನ ಅದೃಷ್ಟ ತಂದಿತು. ಇಲ್ಲಿ ತಪ್ಪು ನಿದಾನ ಪ್ರಾಣ ತೆಗೆಯಿತು.

ಟೈಫಾಯಿಡಿನ ಸರದಿ ಬಂದದ್ದು 1972ರಲ್ಲಿ. ಒಂದೇ ವರ್ಷ ಭೂಮಿಯ ಎರಡು ಕಡೆ ಅದು ಕಾಣಿಸಿಕೊಂಡಿತು. ಒಂದು ಮೆಕ್ಸಿಕೋ, ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತು. ಇನ್ನೊಂದು ನಮ್ಮ ಮಗ್ಗುಲಲ್ಲೇ ಇರುವ, ಮಂಗಳೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳ ದೂರದ ಕಲ್ಲಿಕೋಟೆ. ವೈದ್ಯರು ಎಂದಿನಂತೆ ಕ್ಲೋರಾಂಫೆನಿಕಾಲ್ ಕೊಟ್ಟರು. ಮೂರು ದಿನವಾಯಿತು, ನಾಲ್ಕು ದಿನವಾಯಿತು, ಜ್ವರದ ಗೆರೆ ಕೆಳಗೆ ಬರಲೊಲ್ಲದು. ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಸಿ. ಕೆ. ಜಯರಾಮ ಪಣಿಕ್ಕರ್ ಮತ್ತು ಡಾಕ್ಟರ್ ಕೆ. ಎನ್. ವಿಮಲಾ ಅವರು ರೋಗಾಣುವನ್ನು ಬೆಳೆಸಿ ನೋಡಿದಾಗ, ಅದು ಕ್ಲೋರಾಂಫೆನಿಕಾಲ್‌ಗೆ ಬಗ್ಗದ್ದೆಂದೂ, ಆ ಗುಣ ಇತರ ಸೂಕ್ಷ್ಮಜೀವಿಗಳಿಗೆ ದಾಟಬಲ್ಲುದೆಂದೂ ತಿಳಿಯಿತು. ಅವರ ವರದಿ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದಿರುವ ಸೂಕ್ಷ್ಮಜೀವಿಶಾಸ್ತ್ರದ ಪಠ್ಯಪುಸ್ತಕದ ಇಬ್ಬರು ಕರ್ತೃಗಳಲ್ಲಿ ಒಬ್ಬರು ಇದೇ ಪಣಿಕ್ಕರ್ ಅವರು.

ಜಪಾನಿನ ಭೇದಿಯಲ್ಲಿ ಕಂಡ ಚೀಟಿ ಹೀಗೆ ಟೈಫಾಯಿಡಿನ ಕೈಗೂ ಬಂದಿತ್ತು. ಅದರಲ್ಲಿ ಬರೆದಿದ್ದದ್ದು ಒಂದು ಕಿಣ್ವವನ್ನು ತಯಾರಿಸುವ ವಿಧಾನ. ಆ ಕಿಣ್ವ ಕ್ಲೋರಾಂಫೆನಿಕಾಲಿನ ಅಣುವಿಗೆ ಒಂದು ಚಿಕ್ಕ ತುಣುಕನ್ನು ಅಂಟಿಸುತ್ತದೆ. ಅಷ್ಟಕ್ಕೇ ಔಷಧಿ ನಿಷ್ಫಲ. ಬೀಗದ ಕೈಗೆ ಒಂದು ಚೂರು ಅರಗು ಮೆತ್ತಿದರೆ ಬೀಗ ತೆರೆಯದಷ್ಟೆ! ಕೈ ಮುರಿದಿಲ್ಲ, ಬೀಗ ಕೆಟ್ಟಿಲ್ಲ. ಆದರೂ ಬಾಗಿಲು ತೆರೆಯದು. ರೋಗಿಯ ಮೈಯಲ್ಲಿ ಇದರ ಗುರುತೇನೂ ಕಾಣುವುದಿಲ್ಲ. ಕಾಣುವುದು ಪಟ್ಟಿಯ ಮೇಲಿನ ಗೆರೆ ಮಾತ್ರ.

ಆ ಸಾಂಕ್ರಾಮಿಕಗಳು ತಣ್ಣಗಾದವು. ಕ್ಲೋರಾಂಫೆನಿಕಾಲ್ ಇನ್ನೂ ಹದಿನೈದು ವರ್ಷ ನಮ್ಮ ದೇಶದಲ್ಲಿ ನಡೆಯಿತು. ಜೊತೆಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಎಂಬ ಇನ್ನೆರಡು ಔಷಧಿಗಳೂ ಇದ್ದವು. 1990ರ ಸುಮಾರಿಗೆ ಈ ಮೂರಕ್ಕೂ ಒಟ್ಟಿಗೇ ಬಗ್ಗದ ಟೈಫಾಯಿಡ್ ಭಾರತ, ಪಾಕಿಸ್ತಾನ ಮತ್ತು ಆಗ್ನೇಯ ಏಷ್ಯದ ಹಲವೆಡೆ ಹಬ್ಬಿತು. ಆಗ ಕೈಹಿಡಿದದ್ದು ಸಿಪ್ರೋಫ್ಲಾಕ್ಸಸಿನ್. ನುಂಗಲು ಸುಲಭ, ಗುಣ ಶೀಘ್ರ. ಕೆಲವೇ ವರ್ಷಗಳಲ್ಲಿ ಅದು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯಾಯಿತು. ನೆಗಡಿಗೂ ಒಂದು, ಹೊಟ್ಟೆನೋವಿಗೂ ಒಂದು.

ಅನಂತರ ನಡೆದದ್ದು ಈ ಕಥೆಯಲ್ಲಿ ತುಂಬ ಬೋಧಪ್ರದವಾದ ಭಾಗ. 1990ರ ದಶಕದಲ್ಲಿ ಭಾರತದಲ್ಲಿಯೂ ವಿಯೆಟ್ನಾಮಿನಲ್ಲಿಯೂ ವೈದ್ಯರಿಗೆ ಒಂದು ಒಗಟು ಎದುರಾಯಿತು. ಪ್ರಯೋಗಾಲಯದ ವರದಿಯಲ್ಲಿ ‘ಈ ರೋಗಾಣು ಸಿಪ್ರೋಫ್ಲಾಕ್ಸಸಿನ್‌ಗೆ ಬಗ್ಗುತ್ತದೆ’ ಎಂದಿರುತ್ತಿತ್ತು. ರೋಗಿಯ ಜ್ವರ ಮಾತ್ರ ಮೂರು-ನಾಲ್ಕು ದಿನಗಳಲ್ಲಿ ಇಳಿಯುವುದನ್ನು ಬಿಟ್ಟು ವಾರದವರೆಗೆ ಎಳೆಯುತ್ತಿತ್ತು. ಕೆಲವರಲ್ಲಿ ಇಳಿಯುತ್ತಲೇ ಇರಲಿಲ್ಲ. ಕಾಗದ ಒಂದು ಹೇಳುತ್ತದೆ, ಥರ್ಮಾಮೀಟರು ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬುವುದು?

ಈ ವ್ಯಾಜ್ಯದಲ್ಲಿ ಗೆದ್ದದ್ದು ಥರ್ಮಾಮೀಟರು. ರೋಗಾಣು ಪೂರ್ತಿ ಬಗ್ಗದೆ ನಿಂತಿರಲಿಲ್ಲ. ಅರ್ಧ ಸೆಟೆದು ನಿಂತಿತ್ತು. ಅಂದಿನ ಅಳತೆಗೋಲು ಆ ಅರ್ಧವನ್ನು ಹಿಡಿಯುವಷ್ಟು ಸೂಕ್ಷ್ಮವಾಗಿರಲಿಲ್ಲ. ಅದೇ ಮನೆತನದ ಹಳೆಯ ಔಷಧಿ ನಾಲಿಡಿಕ್ಸಿಕ್ ಆಮ್ಲದ ಬಿಲ್ಲೆಯನ್ನಿಟ್ಟು ನೋಡಿದರೆ ಈ ಅರೆಪ್ರತಿರೋಧ ಬಯಲಾಗುತ್ತದೆಂದು ಗೊತ್ತಾಯಿತು. 2012ರಲ್ಲಿ ಅಮೆರಿಕದ ಮಾನಕಸಂಸ್ಥೆ ಟೈಫಾಯಿಡಿನ ಮಟ್ಟಿಗೆ ತನ್ನ ಅಳತೆಯನ್ನೇ ತಿದ್ದಿ ಬಿಗಿಗೊಳಿಸಿತು. ಹಾಸಿಗೆಯ ಬದಿಯಲ್ಲಿ ಎಚ್ಚರದಿಂದ ಬರೆದ ಗೆರೆ, ಪ್ರಯೋಗಾಲಯದ ನಿಯಮವನ್ನು ತಿದ್ದಿಸಿದ ಪ್ರಸಂಗವಿದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆಫ್ಟ್ರಯಾಕ್ಸೋನ್ ಚುಚ್ಚುಮದ್ದು, ಅಜಿತ್ರೊಮೈಸಿನ್ ಮಾತ್ರೆ ಮುಂದೆ ಬಂದವು. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ, ಸೆಫ್ಟ್ರಯಾಕ್ಸೋನ್ ಸೇರಿದಂತೆ ಐದು ವರ್ಗದ ಔಷಧಿಗಳಿಗೆ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ನುಂಗುವ ಔಷಧಿಗಳಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಸೆಫ್ಟ್ರಯಾಕ್ಸೋನ್ ಅನ್ನು ಮುರಿಯುವ ಹೊಸ ಚೀಟಿ, ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಸೂಕ್ಷ್ಮಜೀವಿಗಳಿಂದ ಅದಕ್ಕೆ ಬಂದಿರಬೇಕೆಂದು ಸಂಶೋಧಕರು 2018ರಲ್ಲಿ ತೋರಿಸಿದರು. ಅಲ್ಲಿಗೆ ಸಹಾಯ ಹೋದದ್ದು ಇನ್ನೊಂದು ಹೈದರಾಬಾದಿನಿಂದ, ನಮ್ಮ ತೆಲಂಗಾಣದ್ದರಿಂದ, ಎಂಬುದು ಇತಿಹಾಸದ ಒಂದು ಸೊಗಸು. ಅಲ್ಲಿ ತಯಾರಾದ ಟೈಫಾಯಿಡ್ ಸಂಯುಕ್ತ ಲಸಿಕೆಗೆ 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗೀಕಾರ ದೊರೆತಿತ್ತು. 2019ರಲ್ಲಿ ಪಾಕಿಸ್ತಾನ ಅಂಥ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡ ಮೊದಲ ದೇಶವಾಯಿತು.

ಇಷ್ಟನ್ನೂ ಕೇಳಿದ ಗೃಹಸ್ಥರು, ‘ಸರಿ, ನಾಳೆ ನಮ್ಮ ಮನೆಯಲ್ಲಿ ಜ್ವರ ಇಳಿಯದಿದ್ದರೆ ನಾವೇನು ತಿಳಿಯಬೇಕು?’ ಎಂದು ಕೇಳಬಹುದು. ಇತಿಹಾಸ ಅದಕ್ಕೂ ಉತ್ತರ ಕೊಟ್ಟಿದೆ. ಇಳಿಯದ ಜ್ವರಕ್ಕೆ ಮುಖ್ಯವಾಗಿ ಮೂರು ಕಾರಣಗಳಿರಬಹುದು. ಮೊದಲನೆಯದು, ಅದು ನಾವು ತಿಳಿದ ರೋಗವೇ ಅಲ್ಲದಿರಬಹುದು. ಕ್ವಾಲಾಲಂಪುರದಲ್ಲೂ ಗ್ವಾಟೆಮಾಲಾದಲ್ಲೂ ಆದದ್ದು ಇದೇ. ಮಲೇರಿಯಾ, ಡೆಂಗ್ಯೂ, ಸ್ಕ್ರಬ್ ಟೈಫಸ್ ಇವೆಲ್ಲ ಮೊದಲ ದಿನಗಳಲ್ಲಿ ಟೈಫಾಯಿಡನ್ನು ಹೋಲಬಲ್ಲವು. ಎರಡನೆಯದು, ಔಷಧಿ ನಾಟಿದ್ದರೂ ಜ್ವರ ನಿಧಾನವಾಗಿ ಇಳಿಯುತ್ತಿರಬಹುದು. ಸೆಫ್ಟ್ರಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಸರಿಯಾಗಿ ಕೆಲಸ ಮಾಡುತ್ತಿರುವಾಗಲೂ ಟೈಫಾಯಿಡ್ ಜ್ವರ ಪೂರ್ತಿ ಇಳಿಯಲು ಐದಾರು ದಿನ, ಕೆಲವೊಮ್ಮೆ ವಾರ ಹಿಡಿಯುವುದುಂಟು. ಮೂರನೆಯ ಕಾರಣವೇ ಪ್ರತಿರೋಧ. ಔಷಧಿ ಆರಂಭಿಸಿ ಐದರಿಂದ ಏಳು ದಿನವಾದರೂ ಸಂಜೆಯ ಜ್ವರ ಮೊದಲಿನ ಎತ್ತರದಲ್ಲೇ ಇದ್ದರೆ, ಹಸಿವು ಮರಳದಿದ್ದರೆ, ಮಂಪರು ಹೆಚ್ಚುತ್ತಿದ್ದರೆ, ಈ ಅನುಮಾನ ಬಲವಾಗಬೇಕು.

ಈ ಮೂರರಲ್ಲಿ ಯಾವುದು ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ. ಮೂರನೆಯ ದಿನಕ್ಕೇ ತಾಳ್ಮೆಗೆಟ್ಟು ಅಂಗಡಿಯಿಂದ ಬೇರೊಂದು ಮಾತ್ರೆ ತರುವುದು, ನಾಲ್ಕನೆಯ ದಿನ ಅದನ್ನೂ ಬಿಟ್ಟು ಇನ್ನೊಂದು: ಹೀಗೆ ಮಾಡಿದರೆ ಗೆರೆ ಕಲಸಿಹೋಗುತ್ತದೆ. ಆಮೇಲೆ ಎಂಥ ನಿಪುಣ ವೈದ್ಯರಿಗೂ ಅದನ್ನು ಓದಲಾಗುವುದಿಲ್ಲ. ಮೈಯಲ್ಲಿರುವ ನಿರುಪದ್ರವಿ ಸೂಕ್ಷ್ಮಜೀವಿಗಳಿಗೆ ಚೀಟಿ ಬರೆಯಲು ಕಲಿಸಿದಂತೆಯೂ ಆಗುತ್ತದೆ.

ಮನೆಯವರು ಮಾಡಬಹುದಾದ ಕೆಲಸ ಬೇರೆ ಇದೆ. ಅದು ವುಂಡರ್‌ಲಿಖ್ ಅವರು ಲೈಪ್‌ಜಿಗ್‌ನಲ್ಲಿ ಮಾಡಿಸಿದ ಕೆಲಸವೇ. ಒಂದು ಹಾಳೆಯ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಗಂಟೆ ಮತ್ತು ಡಿಗ್ರಿಯನ್ನು ಬರೆದಿಡುವುದು. ಪ್ರತಿ ಔಷಧಿಯನ್ನು ಎಷ್ಟು ಹೊತ್ತಿಗೆ ಕೊಟ್ಟೆವೆಂಬುದನ್ನು ಪಕ್ಕದಲ್ಲಿ ಗುರುತು ಹಾಕುವುದು. ಜ್ವರದ ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಮೈ ತಣ್ಣಗಾಗುವುದು ನಿಜವಾದ ಇಳಿತವಲ್ಲ. ಆ ಗುರುತಿದ್ದರೆ ವೈದ್ಯರು ಮೋಸಹೋಗುವುದಿಲ್ಲ. ಜ್ವರ ಮೂರು ದಿನ ಮೀರಿ ಟೈಫಾಯಿಡಿನ ಶಂಕೆ ಬಂದಾಗ, ಮೊದಲ ಆಂಟಿಬಯಾಟಿಕ್ ಕೊಡುವ ಮುನ್ನವೇ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಸಬಹುದೆ ಎಂದು ವೈದ್ಯರನ್ನು ಕೇಳುವುದೂ ಉಚಿತ. ಔಷಧಿ ಒಳಗೆ ಹೋದ ಮೇಲೆ ರೋಗಾಣು ರಕ್ತದಲ್ಲಿ ಸಿಕ್ಕುವುದು ಕಷ್ಟ. ಆ ಪರೀಕ್ಷೆಯಾದರೂ ಸರ್ವಜ್ಞನಲ್ಲ. ನಿಜವಾಗಿ ಟೈಫಾಯಿಡ್ ಇರುವ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಅದು ರೋಗಾಣುವನ್ನು ಹಿಡಿಯುತ್ತದೆ. ಆದರೆ ಹಿಡಿದಾಗ, ಯಾವ ಔಷಧಿಗೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನು ಹೇಳುವ ಸಾಕ್ಷಿ ಅದರಿಂದಲೇ ಸಿಕ್ಕಬೇಕು.

ಕೆಲವು ಸಂಗತಿಗಳಲ್ಲಿ ಮಾತ್ರ ದಿನಗಳನ್ನು ಎಣಿಸುತ್ತ ಕೂರಬಾರದು. ಹೊಟ್ಟೆಯಲ್ಲಿ ಹಠಾತ್ತಾಗಿ ತೀವ್ರವಾದ ನೋವು, ಮಲ ಕಪ್ಪಾಗುವುದು ಅಥವಾ ರಕ್ತ ಬೀಳುವುದು, ಬಡಬಡಿಸುವುದು ಅಥವಾ ಕರೆದರೆ ಓಗೊಡದಿರುವುದು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು: ಇವುಗಳಲ್ಲಿ ಒಂದು ಕಂಡರೂ, ರೋಗಾಣು ಬಗ್ಗುವಂಥದೋ ಬಗ್ಗದಂಥದೋ ಎಂದು ಯೋಚಿಸದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಹಿಂದಿನವರು ಮೂರನೆಯ ವಾರವನ್ನು ಏಕೆ ಹೆದರುತ್ತಿದ್ದರೆಂಬುದನ್ನು ಮರೆಯಬಾರದು. ಔಷಧಿ ನಾಟದ ರೋಗಿಗೆ ಆ ವಾರ ಮತ್ತೆ ಬಂದೇ ಬರುತ್ತದೆ.

ಕೊನೆಗೆ ಒಂದು ಸಮಾಧಾನದ ಮಾತು. ಸಿಪ್ರೋಫ್ಲಾಕ್ಸಸಿನ್‌ನ ಕಾಲದಲ್ಲಿ ನಮ್ಮ ದೇಶದ ವೈದ್ಯರು ಹಳೆಯ ಮೂರು ಔಷಧಿಗಳನ್ನು ಟೈಫಾಯಿಡಿಗೆ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದರು. ವರ್ಷಗಳು ಕಳೆದಂತೆ ಆ ಔಷಧಿಗಳಿಗೆ ಬಗ್ಗದ ರೋಗಾಣುಗಳು ಭಾರತದಲ್ಲಿ ವಿರಳವಾಗುತ್ತ ಬಂದವು. ಈಗ ಇಲ್ಲಿ ಸಿಕ್ಕುವ ಟೈಫಾಯಿಡ್ ರೋಗಾಣುಗಳಲ್ಲಿ ಬಹುಪಾಲು ಮತ್ತೆ ಕ್ಲೋರಾಂಫೆನಿಕಾಲ್‌ಗೆ ಬಗ್ಗುತ್ತವೆ. ಅದರ ದೋಷಗಳು ಹಾಗೆಯೇ ಇರುವುದರಿಂದ ಅದು ಹಳೆಯ ಪಟ್ಟಕ್ಕೆ ಮರಳಿಲ್ಲ. ಆದರೂ ಇದರಲ್ಲಿ ಒಂದು ನೀತಿ ಇದೆ. ಬೇಡದ ಕಡೆ ಬಳಸದೆ ಉಳಿಸಿದ ಔಷಧಿ ಉಳಿಯುತ್ತದೆ. ಚೀಟಿಯನ್ನು ಹೊತ್ತು ತಿರುಗುವುದು ರೋಗಾಣುವಿಗೂ ಒಂದು ಭಾರವೇ. ಉಪಯೋಗವಿಲ್ಲದಾಗ ಅದೂ ಕೈಬಿಡಬಹುದು.

ಇನ್ನು ಎಲ್ಲ ಔಷಧಿಗಳಿಗಿಂತ ಹಿರಿಯದು ಶುದ್ಧವಾದ ನೀರು. ಟೈಫಾಯಿಡ್ ಬರುವುದು ಮಲದಿಂದ ಕೆಟ್ಟ ನೀರು ಮತ್ತು ಆಹಾರದ ಮೂಲಕ. ಯೂರೋಪ್ ಮತ್ತು ಅಮೆರಿಕದ ನಗರಗಳಲ್ಲಿ ಅದು ಇಳಿಮುಖವಾದದ್ದು ಕ್ಲೋರಾಂಫೆನಿಕಾಲ್ ಹುಟ್ಟುವುದಕ್ಕೆ ದಶಕಗಳ ಮೊದಲೇ, ನೀರನ್ನು ಸೋಸಿ ಕ್ಲೋರಿನ್ ಬೆರೆಸುವ ಏರ್ಪಾಡಿನಿಂದ. ಕುದಿಸಿ ಆರಿಸಿದ ನೀರಿನಲ್ಲಿ ಬಗ್ಗುವ ರೋಗಾಣುವೂ ಉಳಿಯದು, ಬಗ್ಗದ ರೋಗಾಣುವೂ ಉಳಿಯದು. ಬೆಂಕಿಗೆ ಪ್ರತಿರೋಧ ಕಲಿಸುವ ಚೀಟಿಯನ್ನು ಟೈಫಾಯಿಡಿಗೆ ಇದುವರೆಗೆ ಯಾರೂ ದಾಟಿಸಿಲ್ಲ.